ಗೆರೆ ಎಳೆಯುವ ಹಕ್ಕು ಯಾರದು?

ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ 435 ಸದಸ್ಯರು ಆರಿಸಿ ಬರುತ್ತಾರೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಮೇಲೆ ಈ ಸ್ಥಾನಗಳನ್ನು ಜನಸಂಖ್ಯೆಗೆ ತಕ್ಕಂತೆ ರಾಜ್ಯಗಳಿಗೆ ಹಂಚುತ್ತಾರೆ. ಅಲ್ಲಿಯವರೆಗೆ ತಕರಾರಿಲ್ಲ. ತಕರಾರು ಹುಟ್ಟುವುದು ರಾಜ್ಯದೊಳಗೆ ಕ್ಷೇತ್ರಗಳ ಗಡಿ ಗುರುತಿಸುವಾಗ. ಬಹುಪಾಲು ರಾಜ್ಯಗಳಲ್ಲಿ ಆ ಕೆಲಸ ಶಾಸನಸಭೆಯದು. ಬಹುಮತವಿರುವ ಪಕ್ಷ ನಕ್ಷೆ ಸಿದ್ಧಪಡಿಸಿ ಮಸೂದೆಯಾಗಿ ಪಾಸು ಮಾಡುತ್ತದೆ. ಗವರ್ನರ್ ಸಹಿ ಹಾಕಿದರೆ ಮುಂದಿನ ಜನಗಣತಿಯ ತನಕ ಸಾಮಾನ್ಯವಾಗಿ ಅದೇ ಗಡಿ. ಇದು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ. ನಮ್ಮಲ್ಲಿ 1952ರಿಂದಲೂ ಕ್ಷೇತ್ರ ಪುನರ್ವಿಂಗಡಣೆಗೆ ಪ್ರತ್ಯೇಕ ಆಯೋಗ ರಚಿಸುವ ಪದ್ಧತಿಯಿದೆ. ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅದರ ಅಧ್ಯಕ್ಷರು. ಸಂಸದರು, ಶಾಸಕರು ಜೊತೆಯಲ್ಲಿ ಕೂತು ಸಲಹೆ ಕೊಡಬಹುದು, ಮತ ಹಾಕುವಂತಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಹಾಕಿದ ಹೊಸ ಗಡಿಗಳಲ್ಲಿ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲೇ, 2008ರಲ್ಲಿ. ಆಗ ತಮ್ಮ ಹಳೆಯ ಕ್ಷೇತ್ರ ಕಳೆದುಕೊಂಡ ನಾಯಕರು ಎಲ್ಲ ಪಕ್ಷಗಳಲ್ಲೂ ಇದ್ದರು. ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ನಮ್ಮ ಇಂದಿನ ಚರ್ಚೆ ಬೇರೆಯದು, ಅದನ್ನು ಇಲ್ಲಿ ಬೆರೆಸುವುದು ಬೇಡ. ಗಡಿ ಎಳೆಯುವ ಕೈ ಯಾರದಿರಬೇಕು ಎಂಬುದಷ್ಟೇ ಈ ಹೊತ್ತಿನ ಪ್ರಶ್ನೆ. ಅಮೆರಿಕದಲ್ಲಿ ಆ ಪ್ರಶ್ನೆಯನ್ನು ಕೆಲವು ರಾಜ್ಯಗಳು ನೇರವಾಗಿ ಮತದಾರರ ಮುಂದೆಯೇ ಇಟ್ಟಿವೆ. ಅವುಗಳ ಪೈಕಿ 2018ರಲ್ಲಿ ಮಿಷಿಗನ್ ರಾಜ್ಯದ ಜನ ಅಂಗೀಕರಿಸಿದ ಎರಡನೇ ಪ್ರಸ್ತಾವವನ್ನು ನಾನು ಸಮರ್ಥಿಸುತ್ತೇನೆ. ಅದರ ಕುಂದುಗಳನ್ನು ಬಲ್ಲೆ. ಆದರೂ ಸಮರ್ಥಿಸುತ್ತೇನೆ.

ಗಡಿಯ ಆಟ ಹೇಗೆ ನಡೆಯುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಮೂರು ಕ್ಷೇತ್ರ, ಒಂದೊಂದರಲ್ಲಿ ನೂರು ಮತದಾರರು ಎಂದುಕೊಳ್ಳೋಣ. ಒಟ್ಟು ಮುನ್ನೂರರಲ್ಲಿ ಒಂದು ಪಕ್ಷಕ್ಕೆ 160, ಇನ್ನೊಂದಕ್ಕೆ 140. ಮೊದಲ ಪಕ್ಷದ ತೊಂಬತ್ತು ಜನರನ್ನು ಒಂದೇ ಕ್ಷೇತ್ರಕ್ಕೆ ತುಂಬಿ, ಉಳಿದ ಎಪ್ಪತ್ತು ಜನರನ್ನು ಇನ್ನೆರಡು ಕ್ಷೇತ್ರಗಳಿಗೆ ಮೂವತ್ತೈದರಂತೆ ಹಂಚಿಬಿಟ್ಟರೆ, ಕಡಿಮೆ ಮತ ಪಡೆದ ಪಕ್ಷಕ್ಕೆ ಮೂರರಲ್ಲಿ ಎರಡು ಸ್ಥಾನ. ಯಾರ ಮತವನ್ನೂ ಕದ್ದಿಲ್ಲ, ಎಣಿಕೆಯಲ್ಲಿ ಮೋಸವಿಲ್ಲ. ಆದರೂ ಫಲಿತಾಂಶ ತಲೆಕೆಳಗು. ಈ ಕಸುಬು ಅಮೆರಿಕದಲ್ಲಿ ಹಳೆಯದು. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯನ್ನು ಪತ್ರಿಕೆಯವರು ಹಲ್ಲಿಯಂಥ ಪ್ರಾಣಿಯಾಗಿ ಬರೆದು ನಗೆಯಾಡಿದ್ದರು. ಆಗ ಕೈಯಲ್ಲಿದ್ದದ್ದು ಊರುಗಳ ಪಟ್ಟಿ ಮತ್ತು ಅಂದಾಜು. ಈಗ ಕಂಪ್ಯೂಟರಿನಲ್ಲಿ ಪ್ರತಿ ಬೀದಿಯ ಹಳೆಯ ಮತದಾನದ ವಿವರವಿದೆ. ಮಿಷಿಗನ್‌ನಲ್ಲಿ 2011ರ ನಕ್ಷೆ ಬರೆದದ್ದು ರಿಪಬ್ಲಿಕನ್ ಪಕ್ಷ. ಅದರ 14ನೇ ಕ್ಷೇತ್ರವನ್ನು ಬೆರಳಿಟ್ಟು ಹಿಂಬಾಲಿಸಿ ನೋಡಬೇಕು. ಸೇಂಟ್ ಕ್ಲೇರ್ ಸರೋವರದ ದಂಡೆಯ ಗ್ರೋಸ್ ಪಾಯಿಂಟ್ ಎಂಬ ಸಿರಿವಂತರ ಬಡಾವಣೆಗಳಲ್ಲಿ ಹೊರಟು, ಡೆಟ್ರಾಯಿಟ್ ನಗರದೊಳಗೆ ನುಗ್ಗಿ, ಸುತ್ತು ಹಾಕಿ ಸೌತ್‌ಫೀಲ್ಡ್ ಕಡೆಗೆ ಏರಿ, ಫಾರ್ಮಿಂಗ್ಟನ್ ಹಿಲ್ಸ್ ಮುಟ್ಟಿ, ಕೊನೆಗೆ ಉತ್ತರದ ಪಾಂಟಿಯಾಕ್‌ನಲ್ಲಿ ನಿಲ್ಲುತ್ತಿತ್ತು. ಈ ಊರುಗಳನ್ನು ಒಂದೇ ಪಟ್ಟಿಗೆ ಸೇರಿಸಿದ್ದು ಡೆಮಾಕ್ರಟಿಕ್ ಮತಗಳನ್ನು ಒಂದೇ ಕ್ಷೇತ್ರಕ್ಕೆ ತುಂಬುವ ಕಾರಣಕ್ಕೆ. 2012ರ ಚುನಾವಣೆಯಲ್ಲಿ ಮಿಷಿಗನ್‌ನಾದ್ಯಂತ ಪ್ರತಿನಿಧಿ ಸಭೆಗೆ ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ಎರಡು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಿತ್ತು. ಸ್ಥಾನ ಸಿಕ್ಕಿದ್ದು ಹದಿನಾಲ್ಕರಲ್ಲಿ ಐದು, ರಿಪಬ್ಲಿಕನ್ನರಿಗೆ ಒಂಬತ್ತು. 2014ರಲ್ಲೂ ಒಂಬತ್ತು ಐದು. 2016ರಲ್ಲೂ ಅಷ್ಟೇ. ಡೆಟ್ರಾಯಿಟ್, ಆನ್ ಆರ್ಬರ್‌ನಂಥ ನಗರಗಳಲ್ಲಿ ಡೆಮಾಕ್ರಟರು ಒತ್ತೊತ್ತಾಗಿ ವಾಸಿಸುವುದರಿಂದ ಹೀಗಾಯಿತು ಎಂದು ವಾದಿಸುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಮುಂದೆ ನ್ಯಾಯಾಲಯದಲ್ಲಿ ಹೊರಬಿದ್ದ ಇಮೇಲ್‌ಗಳು ಆ ವಾದಕ್ಕೆ ಹೆಚ್ಚು ಜಾಗ ಉಳಿಸಲಿಲ್ಲ. ನಕ್ಷೆ ಬರೆದವರ ವಲಯದಲ್ಲಿ ಎದುರು ಪಕ್ಷದ ಮತದಾರರನ್ನು ಕಸವೆಂದು ಕರೆದು, ಅವರನ್ನು ನಾಲ್ಕೇ ಕ್ಷೇತ್ರಗಳಿಗೆ ತುರುಕುವ ಮಾತು ನಡೆದಿತ್ತು.

ಇದಕ್ಕೆ ಪರಿಹಾರ ಎಲ್ಲಿ ಹುಡುಕಬೇಕು? ಶಾಸನಸಭೆಯಲ್ಲಿ ಎನ್ನುವವರು, ಆ ನಕ್ಷೆಯಿಂದಲೇ ಗೆದ್ದು ಬಂದವರು ಅದನ್ನು ಹರಿದು ಹಾಕುತ್ತಾರೆಂದು ನಂಬಬೇಕಾಗುತ್ತದೆ. ಅಷ್ಟು ದೊಡ್ಡ ಮನಸ್ಸು ಯಾವ ಪಕ್ಷಕ್ಕೂ ಇಲ್ಲ. ಇದು ರಿಪಬ್ಲಿಕನ್ನರದೊಂದೇ ರೋಗವೆಂದು ಯಾರೂ ತಿಳಿಯಬೇಕಾಗಿಲ್ಲ. ಇಲಿನಾಯ್ ಮತ್ತು ಮೇರಿಲ್ಯಾಂಡ್‌ಗಳಲ್ಲಿ ಡೆಮಾಕ್ರಟರು ಬರೆದ ನಕ್ಷೆಗಳು ಇಷ್ಟೇ ನಿರ್ದಾಕ್ಷಿಣ್ಯವಾದವು. ಇನ್ನು ನ್ಯಾಯಾಲಯ. 1960ರ ದಶಕದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ದೊಡ್ಡ ಹೆಜ್ಜೆ ಇಟ್ಟು, ಕ್ಷೇತ್ರಗಳ ಜನಸಂಖ್ಯೆ ಸರಿಸಮ ಇರಬೇಕೆಂದು ತೀರ್ಪು ಕೊಟ್ಟಿತು. ಆದರೆ ಸರಿಸಮ ಜನಸಂಖ್ಯೆ ಇಟ್ಟುಕೊಂಡೇ ವಕ್ರವಾಗಿ ಕತ್ತರಿಸಬಹುದು ಎಂಬುದನ್ನು ನಮ್ಮ ಮುನ್ನೂರು ಮತದಾರರ ಲೆಕ್ಕದಲ್ಲೇ ನೋಡಿದೆವು. ಮಿಷಿಗನ್ ನಕ್ಷೆಯ ವಿರುದ್ಧ ಮಹಿಳಾ ಮತದಾರರ ಸಂಘ ಹೂಡಿದ್ದ ದಾವೆಯಲ್ಲಿ 2019ರ ಏಪ್ರಿಲ್‌ನಲ್ಲಿ ಮೂವರು ನ್ಯಾಯಾಧೀಶರ ಫೆಡರಲ್ ಪೀಠ ಪ್ರತಿನಿಧಿ ಸಭೆ ಮತ್ತು ರಾಜ್ಯ ಶಾಸನಸಭೆ ಸೇರಿ ಒಟ್ಟು 34 ಕ್ಷೇತ್ರಗಳನ್ನು ಅಸಾಂವಿಧಾನಿಕವೆಂದು ಒಮ್ಮತದಿಂದ ಹೇಳಿತು. ಸಂತೋಷ ಎರಡೇ ತಿಂಗಳು. ಜೂನ್ 27ರಂದು, ರೂಚೊ ಎಂಬ ಬೇರೊಂದು ಮೊಕದ್ದಮೆಯಲ್ಲಿ, ಪಕ್ಷಲಾಭದ ಗಡಿ ರಚನೆ ರಾಜಕೀಯ ಪ್ರಶ್ನೆ, ಫೆಡರಲ್ ನ್ಯಾಯಾಲಯಗಳು ಅದಕ್ಕೆ ಕೈ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ತೀರ್ಮಾನಿಸಿತು. ಗಮನಿಸಬೇಕಾದ ಸಂಗತಿ, ಆ ಬಹುಮತದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಈ ಕೆಟ್ಟ ಚಾಳಿಗೆ ರಾಜ್ಯಗಳೇ ಮದ್ದು ಹುಡುಕುತ್ತಿವೆ ಎಂದು ಹೇಳಿ, ಹಿಂದಿನ ನವೆಂಬರಿನಲ್ಲಷ್ಟೇ ಕೊಲರಾಡೊ ಮತ್ತು ಮಿಷಿಗನ್ ಮತದಾರರು ಒಪ್ಪಿದ ಆಯೋಗಗಳನ್ನು ಹೆಸರಿಸಿದರು. ನ್ಯಾಯಾಲಯ ತನ್ನ ಬಾಗಿಲು ಹಾಕಿಕೊಂಡಾಗ ಬೊಟ್ಟು ಮಾಡಿದ್ದು ಮತಪತ್ರದ ಕಡೆಗೇ.

ಮಿಷಿಗನ್‌ನ ಮತಪತ್ರದಲ್ಲಿ ಆ ಪ್ರಶ್ನೆ ಕಾಣಿಸಿಕೊಂಡದ್ದು ಸುಲಭದಲ್ಲಲ್ಲ. 2016ರ ನವೆಂಬರಿನಲ್ಲಿ, ಅಧ್ಯಕ್ಷೀಯ ಚುನಾವಣೆ ಮುಗಿದ ಬೆನ್ನಿಗೆ, ಕೇಟಿ ಫಾಹಿ ಎಂಬ ಇಪ್ಪತ್ತೇಳರ ಯುವತಿ ಫೇಸ್‌ಬುಕ್‌ನಲ್ಲಿ ಎರಡು ಸಾಲು ಬರೆದರು: ಕ್ಷೇತ್ರಗಳ ಈ ತಿರುಚುವಿಕೆಯನ್ನು ಎದುರಿಸಬೇಕೆಂದಿದ್ದೇನೆ, ಆಸಕ್ತಿಯಿದ್ದವರು ತಿಳಿಸಿ, ಎಂಬರ್ಥದ್ದು. ಆಕೆ ರಾಜಕಾರಣಿಯಲ್ಲ, ವಕೀಲೆಯೂ ಅಲ್ಲ. ಅದರಿಂದ ಹುಟ್ಟಿದ ‘ವೋಟರ್ಸ್ ನಾಟ್ ಪಾಲಿಟಿಷಿಯನ್ಸ್’ ಸಂಘಟನೆ ಊರೂರಲ್ಲಿ ಸಭೆ ನಡೆಸಿ, ಜನ ಹೇಳಿದ್ದನ್ನು ಕೇಳಿಕೊಂಡು ತಿದ್ದುಪಡಿಯ ಕರಡು ಬರೆಯಿತು. ಮಿಷಿಗನ್ ಸಂವಿಧಾನದ ಪ್ರಕಾರ, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 10ರಷ್ಟು ಸಹಿ ತಂದರೆ ಸಂವಿಧಾನ ತಿದ್ದುಪಡಿಯನ್ನೇ ಜನರ ಮತಕ್ಕೆ ಹಾಕಬೇಕು. ಬೇಕಾಗಿದ್ದದ್ದು 3,15,654 ಸಹಿ. ಸಂಬಳದ ಏಜೆಂಟರನ್ನು ಇಡದೆ ಸ್ವಯಂಸೇವಕರೇ ನಾಲ್ಕೂಕಾಲು ಲಕ್ಷ ಸಹಿ ತಂದರು. ಇದು ತಿದ್ದುಪಡಿಯಲ್ಲ, ಸಂವಿಧಾನದ ಬುಡವನ್ನೇ ಅಲುಗಿಸುವ ಕೆಲಸ, ಮತಕ್ಕೆ ಹಾಕಬಾರದು ಎಂದು ವಿರೋಧಿಗಳು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದರು. 2018ರ ಜುಲೈ 31ರಂದು 4–3ರ ತೀರ್ಪು ಬಂತು: ಮತಕ್ಕೆ ಹಾಕಿ. ಆ ನಾಲ್ವರಲ್ಲಿ ಇಬ್ಬರು ರಿಪಬ್ಲಿಕನ್ ಗವರ್ನರ್ ನೇಮಿಸಿದ್ದ ನ್ಯಾಯಮೂರ್ತಿಗಳು. ನವೆಂಬರ್ 6ರಂದು ಶೇ 61ರಷ್ಟು ಮತದಾರರು ಹೌದು ಎಂದರು. ಮಿಷಿಗನ್‌ನಂಥ ಸಮಬಲದ ರಾಜ್ಯದಲ್ಲಿ ಯಾವ ಪಕ್ಷವೂ ಒಂಟಿಯಾಗಿ ಶೇ 61 ತರಲಾರದು. ರಿಪಬ್ಲಿಕನ್ ಒಲವಿನ ಊರುಗಳ ಮತವೂ ಅದರಲ್ಲಿ ಸೇರಿರಲೇಬೇಕು.

ಈಗ ಏರ್ಪಾಡಿನ ಒಳಗನ್ನು ನೋಡೋಣ. ನನ್ನ ವಾದದ ಜೀವ ಇರುವುದು ಅಲ್ಲೇ. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಪಾಲಾಗುವಾಗ ಒಂದು ಕಟ್ಟಳೆ ಇದೆ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡುವವನಿಗೆ ಆರಿಸುವ ಹಕ್ಕಿಲ್ಲದ ಕಾರಣ ಪಾಲು ಸಮನಾಗುತ್ತದೆ, ಅವನು ದೇವರಂಥ ಮನುಷ್ಯನೆಂಬ ಕಾರಣಕ್ಕಲ್ಲ. ಮಿಷಿಗನ್ ತಿದ್ದುಪಡಿಯ ಪ್ರತಿ ವಾಕ್ಯದಲ್ಲೂ ಈ ಎಚ್ಚರ ಕಾಣುತ್ತದೆ. ಆಯೋಗಕ್ಕೆ ಹದಿಮೂರು ಜನ: ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಐವರು ಎರಡಕ್ಕೂ ಸೇರದವರು. ಅರ್ಜಿ ಹಾಕಿದವರ ಪೈಕಿ ಮೊದಲು ಇನ್ನೂರು ಜನರನ್ನು, ಆಮೇಲೆ ಹದಿಮೂರು ಜನರನ್ನು ಆರಿಸುವುದು ಚೀಟಿ ಎತ್ತಿದ ಹಾಗೆ, ಅದೃಷ್ಟದ ಮೇಲೆ. ರಾಜ್ಯದ ಭೌಗೋಳಿಕ ಮತ್ತು ಸಾಮಾಜಿಕ ವೈವಿಧ್ಯ ಪ್ರತಿಬಿಂಬಿಸುವಂತೆ ಆ ಆಯ್ಕೆಯನ್ನು ಹದಗೊಳಿಸುತ್ತಾರೆ. ಅರ್ಜಿಯ ಸುದ್ದಿ ಕೇಳದವರೂ ಇರುತ್ತಾರೆಂದು ಕನಿಷ್ಠ 10 ಸಾವಿರ ಮತದಾರರ ಮನೆಗೆ ನಮೂನೆಯನ್ನೇ ಅಂಚೆಯಲ್ಲಿ ಕಳಿಸಬೇಕು. ಹಿಂದಿನ ಆರು ವರ್ಷಗಳಲ್ಲಿ ಪಕ್ಷದ ಟಿಕೆಟ್ಟಿನಲ್ಲಿ ನಿಂತವರು, ಗೆದ್ದವರು, ಪಕ್ಷದ ಪದಾಧಿಕಾರಿಗಳು, ಚುನಾವಣಾ ಸಲಹೆಗಾರರು, ಲಾಬಿಗಾರರು, ಶಾಸನಸಭೆಯ ನೌಕರರು, ಇವರ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ಯಾರೂ ಅರ್ಹರಲ್ಲ. ಇದು ಅನ್ಯಾಯವೆಂದು ಹೂಡಿದ ದಾವೆಯನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ ಪುರಸ್ಕರಿಸಲಿಲ್ಲ. ನಕ್ಷೆ ಪಾಸಾಗಲು ಬರೀ ಬಹುಮತ ಸಾಲದು. ಮೂರೂ ಗುಂಪುಗಳಿಂದ ಕನಿಷ್ಠ ಇಬ್ಬಿಬ್ಬರ ಒಪ್ಪಿಗೆ ಬೇಕು. ಕರಡಿಗೆ ಮೊದಲು ಕನಿಷ್ಠ ಹತ್ತು, ಕರಡಿನ ನಂತರ ಐದು ಸಾರ್ವಜನಿಕ ಸಭೆ ಕಡ್ಡಾಯ. ಯಾವ ಪಕ್ಷಕ್ಕೂ ಮಿತಿಮೀರಿದ ಅನುಕೂಲ ಕೂಡದು, ಹಾಲಿ ಸದಸ್ಯನ ಮನೆ ಎಲ್ಲಿದೆ ಎಂದು ನೋಡಿ ಗೆರೆ ಎಳೆಯಕೂಡದು. ಇವೆಲ್ಲ ಆದ್ಯತೆಯ ಕ್ರಮದಲ್ಲಿ ಬರೆದಿಟ್ಟ ನಿಯಮಗಳು. ನನಗೆ ಬಹಳ ಹಿಡಿಸಿದ್ದು ಹಣದ ಕಲಮು. ಶಾಸನಸಭೆ ಆಯೋಗವನ್ನು ಮುಟ್ಟಲಾಗದಿದ್ದರೂ ಹಣ ಕೊಡದೆ ಸೊರಗಿಸಬಹುದಲ್ಲವೇ? ಅದಕ್ಕೇ, ಚುನಾವಣೆ ನಡೆಸುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಸಾಮಾನ್ಯ ನಿಧಿಯಿಂದ ಬರುವ ಬಜೆಟ್ಟಿನ ಶೇ 25ಕ್ಕೆ ಕಡಿಮೆಯಿಲ್ಲದಷ್ಟು ಹಣವನ್ನು ಆಯೋಗಕ್ಕೆ ಕೊಡಲೇಬೇಕೆಂದು ಸಂವಿಧಾನದಲ್ಲೇ ಬರೆದಿಟ್ಟರು. ರಾಜಕಾರಣಿಗಳ ಸ್ವಭಾವವನ್ನು ಚೆನ್ನಾಗಿ ಬಲ್ಲ ಜನ ಬರೆದ ಕಲಮು ಅದು.

ಫಲ ಏನಾಯಿತು? ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. 2020ರ ಜನಗಣತಿಯಲ್ಲಿ ಮಿಷಿಗನ್ ಒಂದು ಸ್ಥಾನ ಕಳೆದುಕೊಂಡು ಹದಿಮೂರಕ್ಕೆ ಇಳಿದಿತ್ತು. ಕೋವಿಡ್‌ನಿಂದಾಗಿ ಗಣತಿಯ ಅಂಕಿಗಳು ತಡವಾಗಿ ಕೈಸೇರಿದವು. 2021ರ ಡಿಸೆಂಬರ್ 28ರಂದು ಆಯೋಗ ‘ಚೆಸ್ಟ್‌ನಟ್’ ಎಂಬ ಮರದ ಹೆಸರಿಟ್ಟ ನಕ್ಷೆಯನ್ನು 8–5 ಮತಗಳಿಂದ ಅಂಗೀಕರಿಸಿತು. 2022ರಲ್ಲಿ ಡೆಮಾಕ್ರಟಿಕ್ ಗವರ್ನರ್ ಗ್ರೆಚೆನ್ ವಿಟ್ಮರ್ ಹತ್ತು ಶೇಕಡಾಂಶಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದ ವರ್ಷವೂ ಪ್ರತಿನಿಧಿ ಸಭೆಗೆ ಅವರ ಪಕ್ಷದಿಂದ ಹೋದವರು ಏಳು, ರಿಪಬ್ಲಿಕನ್ನರು ಆರು. ಡೆಟ್ರಾಯಿಟ್ ಉತ್ತರದ 10ನೇ ಕ್ಷೇತ್ರವನ್ನು ರಿಪಬ್ಲಿಕನ್ ಜಾನ್ ಜೇಮ್ಸ್ ಸುಮಾರು 1,600 ಮತಗಳಿಂದ ಗೆದ್ದರು. ಅಂಥ ಹಣಾಹಣಿ ಹಳೆಯ ನಕ್ಷೆಯ ಮೊದಲ ವರ್ಷಗಳಲ್ಲಿ ಅಪರೂಪ. 2024ರಲ್ಲಿ ಡೊನಾಲ್ಡ್ ಟ್ರಂಪ್ ಒಂದೂವರೆ ಶೇಕಡಾಂಶಕ್ಕೂ ಕಡಿಮೆ ಅಂತರದಲ್ಲಿ ರಾಜ್ಯ ಗೆದ್ದಾಗ ಲೆಕ್ಕ ತಿರುಗಿ ರಿಪಬ್ಲಿಕನ್ನರು ಏಳು, ಡೆಮಾಕ್ರಟರು ಆರು ಆದರು. ರಾಜ್ಯದ ಕೆಳಮನೆಯಲ್ಲೂ ಹೀಗೇ: 2022ರಲ್ಲಿ ಡೆಮಾಕ್ರಟರಿಗೆ 56–54ರ ಬಹುಮತ, 2024ರಲ್ಲಿ ರಿಪಬ್ಲಿಕನ್ನರಿಗೆ 58–52. ಹಳೆಯ ನಕ್ಷೆಯಲ್ಲಿ ಮೂರು ಚುನಾವಣೆ ಕಳೆದರೂ ಅಲ್ಲಾಡದೆ ನಿಂತಿದ್ದ ಒಂಬತ್ತು ಐದರ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ. ಹೊಸ ನಕ್ಷೆ ಡೆಮಾಕ್ರಟರಿಗೆ ಲಾಭ ಮಾಡಿಕೊಡಲು ಹುಟ್ಟಿದ್ದು ಎಂದು 2018ರಲ್ಲಿ ಹೇಳಿದವರಿಗೆ 2024ರ ಫಲಿತಾಂಶವೇ ಉತ್ತರ ಕೊಟ್ಟಿದೆ. ಮತದಾರ ಮನಸ್ಸು ಬದಲಿಸಿದಾಗ ಸ್ಥಾನಗಳೂ ಬದಲಾದವು. ನಕ್ಷೆಯಿಂದ ಬಯಸಬೇಕಾದದ್ದು ಅಷ್ಟೇ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಗಂಭೀರವಾಗಿ ಕೇಳಿಸುತ್ತದೆ, ಆದರೆ ಬೇಗ ಇತ್ಯರ್ಥವಾಗುವಂಥದ್ದು. ಶಾಸಕರನ್ನು ಜನ ಆರಿಸಿದ್ದಾರೆ, ತಪ್ಪು ಮಾಡಿದರೆ ಸೋಲಿಸಬಹುದು. ಚೀಟಿಯಲ್ಲಿ ಬಂದ ಹದಿಮೂರು ಜನ ಯಾರಿಗೆ ಉತ್ತರದಾಯಿಗಳು? ಉಳಿದ ವಿಷಯಗಳಲ್ಲಿ ಈ ಪ್ರಶ್ನೆಗೆ ತೂಕವಿದೆ. ತೆರಿಗೆ ಏರಿಸಿದ ಶಾಸಕನನ್ನು ಸೋಲಿಸಬಹುದು, ಸೇತುವೆ ಕಟ್ಟದವನನ್ನೂ ಸೋಲಿಸಬಹುದು. ತನ್ನನ್ನು ಸೋಲಿಸಲಾಗದಂತೆ ಗಡಿ ಹಾಕಿಕೊಂಡವನನ್ನು ಸೋಲಿಸುವುದು ಹೇಗೆ? ಉತ್ತರದಾಯಿತ್ವದ ಅಸ್ತ್ರವನ್ನೇ ಮೊಂಡು ಮಾಡುವ ಕೆಲಸಕ್ಕೆ ಉತ್ತರದಾಯಿತ್ವದ ಹೆಸರಲ್ಲಿ ರಕ್ಷಣೆ ಕೇಳುವುದು ಸರಿಯಾಗದು. ಇದರ ಕಾನೂನಿನ ರೂಪವೂ ಒಂದಿದೆ. ಅಮೆರಿಕದ ಸಂವಿಧಾನ ಚುನಾವಣೆಯ ವಿಧಿವಿಧಾನ ಗೊತ್ತುಮಾಡುವ ಅಧಿಕಾರವನ್ನು ರಾಜ್ಯದ ಶಾಸನಸಭೆಗೆ ಕೊಟ್ಟಿದೆ, ಜನಮತದ ಮೂಲಕ ಅದನ್ನು ಕಸಿಯಲಾಗದು ಎಂಬ ವಾದ. 2000ದಲ್ಲಿ ಇಂಥದೇ ಆಯೋಗವನ್ನು ಜನಮತದಿಂದ ಪಡೆದ ಅರಿಜೋನಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನು ತಳ್ಳಿಹಾಕಿತು. ಜನ ನೇರವಾಗಿ ಶಾಸನ ಮಾಡುವ ಹಕ್ಕಿರುವ ರಾಜ್ಯದಲ್ಲಿ ಆ ಶಾಸನಾಧಿಕಾರದಲ್ಲಿ ಜನರೂ ಸೇರಿದ್ದಾರೆ ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದ ಬಹುಮತದ ತೀರ್ಪು ಹೇಳಿತು. ಆ ತೀರ್ಪೂ 5–4ರದು ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ಆಕ್ಷೇಪ ನೋವಿನದು, ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಗಡಿ ರಚನೆ ತಜ್ಞರ ಕೆಲಸ, ಸಾಮಾನ್ಯರ ಕೈಗೆ ಕೊಟ್ಟರೆ ಎಡವುತ್ತಾರೆ ಎಂಬುದು. ಮಿಷಿಗನ್ ಆಯೋಗ ಎಡವಿತು. 2021ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿ ಸಭೆ ನಡೆಸಿ, ಅದರ ಧ್ವನಿಮುದ್ರಣವನ್ನು ಬಿಡುಗಡೆ ಮಾಡಬೇಕೆಂದು ರಾಜ್ಯದ ಸುಪ್ರೀಂ ಕೋರ್ಟಿನಿಂದ ಹೇಳಿಸಿಕೊಂಡಿತು. ಅದಕ್ಕಿಂತ ದೊಡ್ಡ ತಪ್ಪು ಡೆಟ್ರಾಯಿಟ್‌ನಲ್ಲಾಯಿತು. ಮುಕ್ಕಾಲು ಪಾಲಿಗೂ ಹೆಚ್ಚು ಕಪ್ಪು ಜನರಿರುವ ಆ ನಗರದ ಮತದಾರರನ್ನು ಉಪನಗರಗಳತ್ತ ಸೀಳಿಸೀಳಿ ಹಂಚಿದರು, ತಜ್ಞರ ಸಲಹೆಯಂತೆ ಪ್ರತಿ ಕ್ಷೇತ್ರದಲ್ಲಿ ಕಪ್ಪು ಜನರ ಪ್ರಮಾಣ ಇಳಿಸಿದರು. 2023ರ ಡಿಸೆಂಬರಿನಲ್ಲಿ ಫೆಡರಲ್ ಪೀಠ ರಾಜ್ಯ ಶಾಸನಸಭೆಯ 13 ಕ್ಷೇತ್ರಗಳನ್ನು, ಜನಾಂಗವನ್ನೇ ಪ್ರಧಾನವಾಗಿಟ್ಟು ಗಡಿ ಹಾಕಲಾಗಿದೆ ಎಂದು ರದ್ದು ಮಾಡಿತು. ಆ ತೀರ್ಪು ಪ್ರತಿನಿಧಿ ಸಭೆಯ ನಕ್ಷೆಯನ್ನು ಮುಟ್ಟಲಿಲ್ಲ, ಆದರೆ ಅಲ್ಲೂ ಅಸಮಾಧಾನವಿದೆ. 1955ರಿಂದ ಒಬ್ಬರಲ್ಲ ಒಬ್ಬರು ಕಪ್ಪು ಪ್ರತಿನಿಧಿಯನ್ನು ವಾಷಿಂಗ್ಟನ್ನಿಗೆ ಕಳಿಸುತ್ತ ಬಂದಿದ್ದ ಡೆಟ್ರಾಯಿಟ್‌ಗೆ 2023ರಲ್ಲಿ ಅಂಥವರೊಬ್ಬರೂ ಇಲ್ಲವಾದರು. ನಗರದ ದೊಡ್ಡ ಭಾಗವಿರುವ 13ನೇ ಕ್ಷೇತ್ರದಿಂದ ಗೆದ್ದವರು ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್. ಶ್ರೀ ಎಂಬುದು ಗೌರವಸೂಚಕವಲ್ಲ, ಅವರ ಹೆಸರೇ. ನಮ್ಮ ನಾಡಿನವರೊಬ್ಬರು ಅಲ್ಲಿ ಗೆದ್ದದ್ದು ನಮಗೆ ಖುಷಿಯ ಸುದ್ದಿ. ಡೆಟ್ರಾಯಿಟ್‌ನ ಅನೇಕ ಹಿರಿಯರಿಗೆ ಅದು ಸುಮಾರು ಏಳು ದಶಕಗಳ ಒಂದು ಸಾಲು ಕಡಿದುಬಿದ್ದ ಸುದ್ದಿಯಾಗಿತ್ತು. ಆದರೆ ಕಾರಣವನ್ನೆಲ್ಲ ನಕ್ಷೆಯ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಕಪ್ಪು ಅಭ್ಯರ್ಥಿಗಳು ಹಲವರಿದ್ದು ಮತ ಹಂಚಿಹೋಯಿತು, ಠಾಣೇದಾರ್ ಮೂರನೇ ಒಂದು ಪಾಲಿಗೂ ಕಡಿಮೆ ಮತದಲ್ಲಿ ಮುಂದೆ ಬಂದರು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಏರ್ಪಾಡು ತಪ್ಪೆಂದು ನಾನು ಹೇಳುವುದಿಲ್ಲ, ಮತ್ತು ಅದಕ್ಕೆ ಕಾರಣ 2023ರ ಆ ತೀರ್ಪಿನ ಪುಟಗಳಲ್ಲೇ ಇದೆ. ಬಾಗಿಲು ಮುಚ್ಚಿ ನಡೆಸಿದ ಆ ಸಭೆ ಬಿಟ್ಟರೆ ಆಯೋಗದ ಚರ್ಚೆ ಬಹುಮಟ್ಟಿಗೆ ಬಹಿರಂಗವಾಗಿತ್ತು. ಯಾವ ಸದಸ್ಯ ಯಾವ ದಿನ ಏನೆಂದ, ತಜ್ಞರು ಯಾವ ಶೇಕಡಾವಾರನ್ನು ಗುರಿಯಾಗಿ ಕೊಟ್ಟರು, ಎಲ್ಲವೂ ದಾಖಲೆಯಲ್ಲಿತ್ತು. ನ್ಯಾಯಾಧೀಶರು ಅದನ್ನೇ ಸಾಕ್ಷ್ಯವಾಗಿ ಎತ್ತಿಕೊಂಡರು. 2011ರ ನಕ್ಷೆಯ ಒಳಸಂಚು ತಿಳಿಯಲು ಇಮೇಲ್‌ಗಳನ್ನು ದಾವೆ ಹೂಡಿ ಎಳೆದು ತೆಗೆಯಬೇಕಾಯಿತು, ಅಷ್ಟರಲ್ಲಿ ಆ ದಶಕವೇ ಮುಗಿಯುತ್ತ ಬಂದಿತ್ತು. ಆಯೋಗದ ತಪ್ಪು ತೀರ್ಪಾದ ಮೂರೇ ತಿಂಗಳಲ್ಲಿ ರಾಜ್ಯದ ಕೆಳಮನೆಯ ಮಟ್ಟಿಗೆ ಸರಿಹೋಯಿತು. ಹೊಸ ನಕ್ಷೆಯನ್ನು ಅದೇ ಆಯೋಗ ಬರೆಯಿತು, ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ಒಪ್ಪಿತು, ಅದೇ ವರ್ಷದ ಚುನಾವಣೆ ಅದರ ಮೇಲೆಯೇ ನಡೆಯಿತು. ಇನ್ನೊಂದು ಮಾತು. ಇಲ್ಲಿ ಸಾಮಾನ್ಯರು ದಾರಿ ತಪ್ಪಿದ್ದು ತಜ್ಞರ ಮಾತು ಕೇಳಿ. ಡೆಟ್ರಾಯಿಟ್‌ನ ಜನ ಸಾರ್ವಜನಿಕ ಸಭೆಗಳಲ್ಲಿ ಎದ್ದು ನಿಂತು ನಮ್ಮ ನಗರವನ್ನು ಸೀಳಬೇಡಿ ಎಂದು ಹೇಳಿದ್ದರು. ಮುಂದಿನ ಆಯೋಗ ಸಲಹೆಗಾರರಿಗಿಂತ ಆ ಸಭೆಗಳಿಗೆ ಹೆಚ್ಚು ಕಿವಿಗೊಡಬೇಕು, ತನ್ನದೇ ಆದ ಒಂದು ಸ್ವತಂತ್ರ ಕಾನೂನು ಅಭಿಪ್ರಾಯವನ್ನೂ ಪಡೆಯಬೇಕು. ತಿದ್ದಬೇಕಾದ ಜಾಗ ಅದು.

ಮೂರನೆಯ ಆಕ್ಷೇಪ 2025ರಲ್ಲಿ ಬಲ ಪಡೆಯಿತು. ಒಂದು ರಾಜ್ಯ ಪ್ರಾಮಾಣಿಕವಾಗಿ ಆಡುವಾಗ ಇನ್ನೊಂದು ರಾಜ್ಯ ಮೋಸದಲ್ಲಿ ಆಡಿದರೆ ಪ್ರಾಮಾಣಿಕ ರಾಜ್ಯದ ಮತದಾರನೇ ನಷ್ಟ ಅನುಭವಿಸುವುದಲ್ಲವೇ? ಆ ಬೇಸಿಗೆಯಲ್ಲಿ ಅಧ್ಯಕ್ಷ ಟ್ರಂಪ್ ಒತ್ತಾಯದ ಮೇರೆಗೆ ಟೆಕ್ಸಸ್ ಶಾಸನಸಭೆ, ಜನಗಣತಿಗೆ ಕಾಯದೆ, ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚು ಸಿಗುವಂಥ ಹೊಸ ನಕ್ಷೆ ಮಾಡಿತು. ಕೋರಂ ತಪ್ಪಿಸಲು ಡೆಮಾಕ್ರಟಿಕ್ ಶಾಸಕರು ರಾಜ್ಯ ಬಿಟ್ಟು ಹೋದರೂ ಪ್ರಯೋಜನವಾಗಲಿಲ್ಲ. ಆಗಸ್ಟ್ 29ರಂದು ಗವರ್ನರ್ ಗ್ರೆಗ್ ಅಬಟ್ ಸಹಿ ಹಾಕಿದರು. ಮಿಸೌರಿ, ನಾರ್ತ್ ಕ್ಯಾರೊಲಿನಾ ಅದೇ ಹಾದಿ ಹಿಡಿದವು. ಇದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯ 50ನೇ ಪ್ರಸ್ತಾವ ತಂದು, ತನ್ನ ನಾಗರಿಕ ಆಯೋಗದ ನಕ್ಷೆಯನ್ನು 2030ರ ಚುನಾವಣೆಯವರೆಗೆ ಬದಿಗಿಟ್ಟು, ಡೆಮಾಕ್ರಟರಿಗೆ ಐದು ಸ್ಥಾನ ಹೆಚ್ಚಿಸುವ ನಕ್ಷೆಯನ್ನು ಜನರ ಮುಂದಿಟ್ಟಿತು. ನವೆಂಬರ್ 4ರಂದು ಸುಮಾರು ಶೇ 64 ಮತದೊಂದಿಗೆ ಅದು ಅಂಗೀಕಾರವಾಯಿತು. ಈ ಪ್ರಸ್ತಾವವನ್ನು ಮಿಷಿಗನ್ ಪ್ರಸ್ತಾವದ ಸಾಲಿನಲ್ಲಿ ಕೂರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ರಾಜ್ಯದಲ್ಲಿ ಮತ ಕಳೆದುಕೊಂಡವನಿಗೆ ಇನ್ನೊಂದು ರಾಜ್ಯದಲ್ಲಿ ಬೇರೆ ಯಾರೋ ಮತ ಕಳೆದುಕೊಂಡರೆ ಪರಿಹಾರವಾಗುವುದಿಲ್ಲ. ಉತ್ತರ ಕ್ಯಾಲಿಫೋರ್ನಿಯದ ರಿಪಬ್ಲಿಕನ್ ರೈತ ಟೆಕ್ಸಸ್ಸಿಗೆ ಯಾವ ಅಪರಾಧವನ್ನೂ ಮಾಡಿಲ್ಲ. ಆದರೂ ಎರಡು ರಾಜ್ಯಗಳ ನಡುವಣ ಒಂದು ವ್ಯತ್ಯಾಸ ನನ್ನ ವಾದಕ್ಕೆ ಪುಷ್ಟಿ ಕೊಡುತ್ತದೆ. ಟೆಕ್ಸಸ್ಸಿನಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ, ಕೆಲವೇ ವಾರಗಳಲ್ಲಿ ಮುಗಿಯಿತು. ಕ್ಯಾಲಿಫೋರ್ನಿಯದ ಶಾಸಕರಿಗೆ ಆ ಸ್ವಾತಂತ್ರ್ಯವಿರಲಿಲ್ಲ. 2008 ಮತ್ತು 2010ರಲ್ಲಿ ಜನರೇ ಗಡಿಯ ಅಧಿಕಾರವನ್ನು ಸಂವಿಧಾನದ ಮೂಲಕ ಕಿತ್ತುಕೊಂಡಿದ್ದರು. ಅದನ್ನು ಎರವಲು ಪಡೆಯಲೂ ಅವರ ಮನೆಬಾಗಿಲಿಗೇ ಹೋಗಬೇಕಾಯಿತು, ನಕ್ಷೆ ತೋರಿಸಬೇಕಾಯಿತು, ಅವಧಿ ಹೇಳಬೇಕಾಯಿತು, 2031ರಲ್ಲಿ ಆಯೋಗಕ್ಕೇ ಹಿಂದಿರುಗಿಸುತ್ತೇವೆಂದು ಬರೆದುಕೊಡಬೇಕಾಯಿತು. ಬೇಡವೆನ್ನುವ ಹಕ್ಕು ಮತದಾರರ ಕೈಯಲ್ಲಿತ್ತು. ಜನಮತದ ಏರ್ಪಾಡು ದುರ್ಬಲವೆನ್ನುವವರು ಇದನ್ನು ಯೋಚಿಸಬೇಕು.

ಸಂವಿಧಾನದಲ್ಲಿ ಬರೆದಿಡಬೇಕು ಎಂಬ ಒತ್ತಾಯವೂ ಅನುಭವದಿಂದ ಬಂದದ್ದು. ಮಿಷಿಗನ್ ಮತ ಹಾಕಿದ ದಿನವೇ ಯೂಟಾ ರಾಜ್ಯದ ಜನರೂ ನಾಲ್ಕನೇ ಪ್ರಸ್ತಾವವೆಂಬ ಹೆಸರಲ್ಲಿ ಆಯೋಗವೊಂದನ್ನು ಒಪ್ಪಿದ್ದರು. ಆದರೆ ಅದು ಸಂವಿಧಾನ ತಿದ್ದುಪಡಿಯಾಗಿರಲಿಲ್ಲ, ಸಾಮಾನ್ಯ ಕಾನೂನು. ಎರಡು ವರ್ಷದೊಳಗೆ ಶಾಸನಸಭೆ ಅದನ್ನು ಸಡಿಲಿಸಿ, ಆಯೋಗವನ್ನು ಬರೀ ಸಲಹಾ ಮಂಡಲಿ ಮಾಡಿಬಿಟ್ಟಿತು. ಆ ತಪ್ಪನ್ನು ನ್ಯಾಯಾಲಯಗಳಲ್ಲಿ ಸರಿಪಡಿಸಿಕೊಳ್ಳಲು ಜನರಿಗೆ 2025 ಮುಗಿಯುತ್ತ ಬಂತು. ಮಿಸೌರಿಯಲ್ಲಿ ಇನ್ನೊಂದು ಬಗೆ: ಸಂವಿಧಾನ ತಿದ್ದುಪಡಿಯಾಗಿಯೇ 2018ರಲ್ಲಿ ಶೇ 62 ಮತ ಪಡೆದ ಸುಧಾರಣೆಯನ್ನು, ಲಾಬಿಗಾರರ ಉಡುಗೊರೆಗೆ ಕಡಿವಾಣ ಎಂಬ ಆಕರ್ಷಕ ಮಾತಿನ ಜೊತೆ ಬೆಸೆದ ಮರುಪ್ರಸ್ತಾವದಿಂದ 2020ರಲ್ಲಿ ಅಳಿಸಿಹಾಕಿದರು. ಅದಕ್ಕೆ ಸಿಕ್ಕಿದ್ದು ಶೇ 51. ಹಾಗಾಗಿ ಮತ ಹಾಕಿ ಮನೆಗೆ ಹೋದರೆ ಸಾಲದು, ಮತಪತ್ರದ ಮೇಲಿನ ಸಣ್ಣಕ್ಷರಗಳನ್ನೂ ಓದುವ ಮತದಾರರು ಬೇಕು.

ಟೆಕ್ಸಸ್ಸಿನಲ್ಲಿ ಇಂಥ ಪ್ರಸ್ತಾವ ಏಕೆ ಬರಲಿಲ್ಲ ಎಂದು ಕೇಳಬಹುದು. ಸಹಿ ಸಂಗ್ರಹಿಸಿ ಜನರೇ ಪ್ರಶ್ನೆ ಎತ್ತುವ ಹಕ್ಕು ಅಮೆರಿಕದ ಎಲ್ಲ ರಾಜ್ಯಗಳಲ್ಲಿ ಇಲ್ಲ. ಟೆಕ್ಸಸ್, ನಾರ್ತ್ ಕ್ಯಾರೊಲಿನಾ ಎರಡರಲ್ಲೂ ಇಲ್ಲ. ಅಲ್ಲಿ ಪ್ರಸ್ತಾವ ಮತಪತ್ರಕ್ಕೆ ಬರಬೇಕಾದರೆ ಶಾಸನಸಭೆಯ ಕೃಪೆಯೇ ಬೇಕು. ಅಂಥ ರಾಜ್ಯಗಳಿಗೆ ಉಳಿದಿರುವ ದಾರಿ ಅಮೆರಿಕದ ಸಂಸತ್ತು. ಚುನಾವಣೆಯ ವಿಧಿವಿಧಾನವನ್ನು ರಾಜ್ಯಗಳಿಗೆ ಬಿಟ್ಟ ಅದೇ ವಾಕ್ಯದಲ್ಲಿ ಅದನ್ನು ಬದಲಿಸುವ ಅಧಿಕಾರವನ್ನು ಸಂವಿಧಾನ ಸಂಸತ್ತಿಗೂ ಕೊಟ್ಟಿದೆ. ಎಲ್ಲ ರಾಜ್ಯಗಳಲ್ಲೂ ಸ್ವತಂತ್ರ ಆಯೋಗ ಕಡ್ಡಾಯ ಮಾಡುವ ಮಸೂದೆಯೊಂದು 2021ರ ಮಾರ್ಚ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ ಪಾಸಾಗಿ ಸೆನೆಟ್‌ನಲ್ಲಿ ನಿಂತುಹೋಯಿತು. ಐವತ್ತು ರಾಜ್ಯಗಳಿಗೂ ಒಂದೇ ನಿಯಮವಾದರೆ ಮೂರನೆಯ ಆಕ್ಷೇಪ ತಾನಾಗಿ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಜನಮತದ ಹಕ್ಕಿರುವ ರಾಜ್ಯಗಳ ಮತದಾರರು ಮಿಷಿಗನ್ ಮಾದರಿಯ ಪ್ರಸ್ತಾವ ಮುಂದೆ ಬಂದಾಗ, ಅದು ಸಂವಿಧಾನದ ತಿದ್ದುಪಡಿಯೇ, ರಾಜಕಾರಣಿಗಳ ಬಂಧುಗಳನ್ನೂ ಹೊರಗಿಟ್ಟಿದೆಯೇ, ಹಣದ ಕಲಮು ಇದೆಯೇ ಎಂದು ನೋಡಿಕೊಂಡು ಹೌದು ಎನ್ನಬೇಕು.